ಮೆಣಸಿನ ಬೇರಿನೊಳಗಿನ ದೀಪ

ಭಾನುವಾರ, ಅಕ್ಟೋಬರ್ ಹನ್ನೆರಡು, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬರೆಯಲು ಕೂತ ಹೊತ್ತು ಇದು. ಕಾರಣ ದೊಡ್ಡದೇನಲ್ಲ. ಪಡಸಾಲೆಯಲ್ಲಿ ನನ್ನ ತಂಗಿ ಹತ್ತಿಯಿಂದ ಉಗುರಿನ ಬಣ್ಣ ಅಳಿಸುತ್ತಿದ್ದಾಳೆ. ಅದರ ವಾಸನೆ, ಮೂಗಿಗೆ ಚುರ್ರೆನ್ನುವ, ತುಸು ಸಿಹಿಯಾದ ವಾಸನೆ, ಬಾಗಿಲು ದಾಟಿ ನನ್ನ ಮೇಜಿಗೆ ಬಂತು. ಬೇರೆಯವರಿಗೆ ಆ ವಾಸನೆಯಿಂದ ಮದುವೆಮನೆ ನೆನಪಾಗಬಹುದು. ನನಗೆ ಮೆಣಸಿನಗಿಡದ ಬೇರು ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂಡ್ರಿ. ನನಗೆ ನೇರ ಹೇಳಲು ಬರುವುದಿಲ್ಲ. ಆದರೆ ದಿನ, ವೇಳೆ ತಪ್ಪಿಸುವುದಿಲ್ಲ. ಸುರಪುರದ ಕ್ರಾಸಿನಲ್ಲಿ ನಿಲ್ಲಿಸದೆ ಹೋದ ಬಸ್ಸುಗಳ ಲೆಕ್ಕವನ್ನೂ ಡೈರಿಯಲ್ಲಿ ಇಟ್ಟವಳು ನಾನು.

ಐದು ವರ್ಷದ ಹಿಂದೆ ಭೀಮರಾಯನಗುಡಿ ಕ್ಯಾಂಪಿನಲ್ಲಿ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಕಾಲುವೆ ಬಂದ ಮೇಲೆ ನೀರು ನಿಲ್ಲುವ ಎರೆ ಹೊಲಗಳಲ್ಲಿ ಬೆಳೆಯ ಬೇರಿಗೆ ಏನಾಗುತ್ತದೆ ಎಂದು ನೋಡುವುದು ಅಲ್ಲಿನ ಕೆಲಸ. ನಮ್ಮ ಮೇಡಂ ಶಹಾಪುರದವರು. ದಿನವೂ ಬಸ್ಸಿಗೆ ಬರುತ್ತಿದ್ದರು, ಬಂದ ಕೂಡಲೇ ಒಂದೇ ಪ್ರಶ್ನೆ: "ಕರೆಂಟ್ ಅದಯೇನು?" ಆ ಪ್ರಶ್ನೆಗೆ ಕಾರಣ ಒಳಕೋಣೆಯಲ್ಲಿದ್ದ ಯಂತ್ರ. ಪುಸ್ತಕದಲ್ಲಿ ಅದನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕ ಎನ್ನುತ್ತಾರೆ. ನಾವು ದೀಪದ ಮಷೀನು ಎನ್ನುತ್ತಿದ್ದೆವು. ಅದರ ದೀಪ ಪಾದರಸದ್ದು. ಹೊತ್ತಿಸಿದರೆ ಬಿಸಿಯಾಗಲು ಸಮಯ ಬೇಕು. ಕರೆಂಟು ಹೋಗಿ ಆರಿದರೆ ಪೂರ್ತಿ ತಣ್ಣಗಾಗುವ ತನಕ ಮತ್ತೆ ಹೊತ್ತಿಸುವಂತಿಲ್ಲ, ಹೊತ್ತಿಸಿದರೆ ಒಡೆಯುವ ಭಯ. ನಮ್ಮ ಕಡೆಯ ಕರೆಂಟಿನ ಗುಣ ನಿಮಗೆ ಗೊತ್ತಿರಬೇಕು. ಹಾಗಾಗಿ ನಮ್ಮ ಬಹುಪಾಲು ವಿಜ್ಞಾನ ನಡೆದದ್ದು ದೀಪ ತಣ್ಣಗಾಗಲಿ ಎಂದು ಕಾಯುತ್ತ, ಚುರುಮುರಿ ತಿನ್ನುತ್ತ.

ಕೆಲಸ ಮಾತ್ರ ಬೆರಗಿನದು. ಕೂದಲಿನಷ್ಟು ಸಣ್ಣ ಬೇರಿನ ತುದಿಯನ್ನು ಎರಡು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದೆವು. ಮೊದಲನೆಯದು ಅಸಿಟೋನಿನಲ್ಲಿ ಕರಗಿಸಿಟ್ಟ ಪುಡಿ. ನನ್ನ ತಂಗಿಯ ಹತ್ತಿಯ ಮೇಲಿರುವುದೂ ಅದೇ ಅಸಿಟೋನು. ಆ ಪುಡಿಗೆ ತನ್ನದೇ ಬೆಳಕಿಲ್ಲ. ಬದುಕಿರುವ ಜೀವಕೋಶದೊಳಗೆ ಹೋದರೆ ಕೋಶ ಅದನ್ನು ಕತ್ತರಿಸುತ್ತದೆ, ಆಗ ಅದು ಹಸಿರಾಗಿ ಹೊಳೆಯುತ್ತದೆ. ಎರಡನೆಯದು ಕೆಂಪು. ಕೋಶದ ಪೊರೆ ಗಟ್ಟಿ ಇರುವ ತನಕ ಅದಕ್ಕೆ ಒಳಗೆ ಪ್ರವೇಶವಿಲ್ಲ. ಕೋಶ ಸತ್ತು ಪೊರೆ ಹರಿದರೆ ನುಗ್ಗಿ, ನಟ್ಟನಡುವಿನ ಕೋಶಕೇಂದ್ರಕ್ಕೆ ಅಂಟಿ, ಕೆಂಪು ಚುಕ್ಕೆಯಾಗಿ ಉರಿಯುತ್ತದೆ. ಮೇಲಿಂದ ನೀಲಿ ಬೆಳಕು ಬಿಟ್ಟು ನೋಡಿದರೆ ಬದುಕಿದ್ದು ಹಸಿರು, ಸತ್ತದ್ದು ಕೆಂಪು. ಬೇರನ್ನು ಅರೆಯಬೇಕಿಲ್ಲ, ಒಣಗಿಸಬೇಕಿಲ್ಲ. ಜೀವಂತ ಇರುವಾಗಲೇ ಅದರೊಳಗಿನ ಸಾವನ್ನು ಕಾಣಬಹುದು.

ನನ್ನ ಸೋದರತ್ತೆ ದೇವಮ್ಮನ ಎರಡು ಎಕರೆ ಹೊಲ ಇರುವುದು ಸುರಪುರದ ಆಚೆ, ಕಾಲುವೆಯ ಮಗ್ಗುಲಲ್ಲಿ. ಆ ಸಾಲಿನಲ್ಲಿ ಎಲ್ಲರೂ ಭತ್ತಕ್ಕೆ ತಿರುಗಿದ್ದರು. ಆಕೆ ಒಬ್ಬಳೇ ಮೆಣಸಿನಗಿಡ ಹಚ್ಚುತ್ತಿದ್ದಳು. ಆ ಸೆಪ್ಟೆಂಬರಿನಲ್ಲಿ ಮೇಲಿನ ಗದ್ದೆಯ ಒಡ್ಡು ಒಡೆದು ನೀರು ಆಕೆಯ ಹೊಲಕ್ಕೆ ಇಳಿಯಿತು, ಮೂರು ದಿನ ನಿಂತಿತು. ಗಿಡಗಳ ಎಲೆ ಜೋತುಬಿದ್ದವು. ಮೇಲಿನ ಗದ್ದೆಯ ಮಲ್ಲಣ್ಣ ಕೆಟ್ಟವನಲ್ಲ. ತಾನೇ ಬಂದು ಹೇಳಿದ್ದ: "ದೇವಮ್ಮಕ್ಕ, ನನ್ನ ಮಡ್ಯಾಗ ನೆಲ್ಲಿನ ಸಸಿ ಉಳದಾವ, ಪುಕ್ಕಟೆ ಒಯ್ಯಿ. ಮೆಣಸಿನಗಿಡ ಕಿತ್ತೊಗದು ನೆಲ್ಲು ಹಚ್ಚು. ಶುಕ್ರವಾರ ಸಂಜಿತನಕ ಕಾಯ್ತೀನಿ. ಮುಂದ ಸಸಿ ಬಲಿತಾವ, ಮತ್ತೊಬ್ಬರಿಗೆ ಕೊಡ್ತೀನಿ."

ಆಕೆಯ ಕಷ್ಟ ಇಷ್ಟೇ. ಬೇರು ಸತ್ತಿದ್ದರೆ ಕಿತ್ತು ಭತ್ತ ಹಚ್ಚುವುದೇ ಸರಿ. ಕಾಯುತ್ತ ಕೂತರೆ ಆ ವರ್ಷ ಹೊಲ ಬರಿದು. ಬೇರು ಬದುಕಿದ್ದರೆ, ಜೀವ ಇರುವ ಬೆಳೆಯನ್ನು ಕೈಯಾರೆ ಕಿತ್ತಂತೆ. ಊರವರು ದಿನಕ್ಕೊಬ್ಬರು ಬಂದು ಒಂದು ಗಿಡ ಕಿತ್ತು, ಬೇರು ಮೂಸಿ, ಒಬ್ಬರು "ಹೋಗ್ಯಾದ" ಎಂದರೆ ಇನ್ನೊಬ್ಬರು "ಇನ್ನ ಅದ" ಎನ್ನುತ್ತಿದ್ದರು. ಕಿತ್ತ ಗಿಡವನ್ನು ಯಾರೂ ತಿರುಗಿ ನೆಡುತ್ತಿರಲಿಲ್ಲ.

ಮಂಗಳವಾರ ಹನ್ನೊಂದೂ ಕಾಲಿಗೆ ಅತ್ತೆ ಕ್ಯಾಂಪಿಗೆ ಬಂದಳು. ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಐದು ಗಿಡ, ಕೂಸನ್ನು ಹಿಡಿದ ಹಾಗೆ. ಅದೃಷ್ಟಕ್ಕೆ ಕರೆಂಟು ಇತ್ತು. ಬೇರಿನ ತುದಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಗಾಜಿನ ಮೇಲಿಟ್ಟು ಮೇಡಂ ಮೊದಲು ತಾವು ನೋಡಿದರು. ನಂತರ ಅತ್ತೆಯನ್ನು ಕೂರಿಸಿದರು.

"ಏನ್ ಕಾಣಾಕತ್ತದ ಅತ್ತಿ?" ಎಂದು ನಾನು ಕೇಳಿದೆ.

"ಕರ್ರಗ ಕೂದಲ ಕಾಣಾಕತ್ತಾವ."

"ಅವು ನಿನ್ನ ಕಣ್ಣಿನ ರೆಪ್ಪಿ. ಸ್ವಲ್ಪ ಹಿಂದ ಸರಿ."

ಹಿಂದೆ ಸರಿದಳು. ಮತ್ತೆ ಕಣ್ಣಿಟ್ಟಳು. ನನಗೆ ಗೊತ್ತಿತ್ತು ಆಕೆ ಏನು ನೋಡುತ್ತಿದ್ದಾಳೆಂದು: ಕತ್ತಲೆಯಲ್ಲಿ ಸಾಲು ಸಾಲು ಕೋಣೆಗಳು, ಪ್ರತಿ ಕೋಣೆಯೊಳಗೂ ಎಳೆ ಹಸಿರು ಬೆಳಕು. ನಾನು ಮೊದಲ ಸಲ ಕಂಡ ದಿನ ಊಟ ಮರೆತಿದ್ದೆ. ಅದು ನನ್ನ ಡೈರಿಯಲ್ಲಿ ಒಂದೇ ಸಲ ಆದ ಸಂಗತಿ. ಆದರೆ ಅತ್ತೆ ಒಮ್ಮೆಲೇ ಹೆದರಿ ತಲೆ ಎತ್ತಿದಳು.

"ಯವ್ವಾ, ಕೆಂಪೂ ಅದಲ್ಲಬೇ! ಸುತ್ತಲೂ ಕೆಂಪನ್ನ ಗೆರಿ ಅದಾವ. ಸತ್ತಾವೇನು?"

ಮೇಡಂ ನಕ್ಕರು. "ಇಲ್ಲಮ್ಮ. ಅದು ಗ್ವಾಡಿ. ಮನಿ ಹೊರಗ ಕೆಮ್ಮಣ್ಣು ಸಾರಸಂಗಿಲ್ಲೇನು? ಹಂಗ ಈ ಬಣ್ಣ ಹೊರಗಿನ ಗ್ವಾಡಿಗೆ ಹತ್ತತದ. ಒಳಗ ಮಂದಿ ಆರಾಮ ಅದಾರ. ನಡುಮನ್ಯಾಗ ಕೆಂಪನ್ನ ಚುಕ್ಕಿ ಕಂಡ್ರ ಆಗ ಹೋತು ಅನ್ರಿ."

ಅತ್ತೆ ಮತ್ತೆ ಬಗ್ಗಿ ನೋಡಿದಳು. ಚುಕ್ಕೆ ಎಲ್ಲೂ ಇರಲಿಲ್ಲ. ಐದೂ ಗಿಡದ ಬೇರು ಹಸಿರು. ನಾನು ಸಾಲು ಎಳೆದು ಎಣಿಸಿ ಬರೆದುಕೊಂಡೆ. "ಈಕಿ ಉಸುರೂ ಎಣಿಸಿ ಬರಕೊಂತಾಳ್ರಿ," ಎಂದು ಮೇಡಮ್ಮಿಗೆ ನನ್ನ ಮೇಲೆ ದೂರು ಹೇಳುವಷ್ಟು ಅತ್ತೆ ಹಗುರಾಗಿದ್ದಳು. ಚಹಾ ಬಂತು. ಲೋಟ ಕೈಗೆ ಕೊಡುತ್ತ ಮೇಡಂ ಸುಮ್ಮನೆ ಕೇಳಿದರು, "ಹೊಲದಾಗ ಯಾವ ಜಾಗದವು ಇವು?"

"ಒಡ್ಡಿನ ಮ್ಯಾಲಿನವು ರೀ. ಛಲೋ ಛಲೋವು ಆರಿಸಿ ತಂದೀನಿ."

ಮೇಡಂ ತಮ್ಮ ಲೋಟ ಕೆಳಗಿಟ್ಟರು. "ನೀರು ನಿಂತದ್ದು ನಡುವ ಅಲ್ಲೇನು? ಬಾಡಿದ್ದು ಯಾಕ ತರಲಿಲ್ಲ?"

"ನೀವೇನ್ ಮಾತಾಡ್ತೀರಿ! ದೊಡ್ಡೋರ ಮನಿಗೆ ಬಾಡಿದ್ದು ತರ್ತಾರೇನ್ರಿ ಯಾರರ?"

ನನಗೆ ನಗು ಬಂತು, ಆಮೇಲೆ ನಗು ಹೋಯಿತು. ಯಾಕೆಂದರೆ ನಾವೆಲ್ಲ ಹಾಗೇ. ದವಾಖಾನೆಗೆ ಹೋಗುವಾಗ ಪೆಟ್ಟಿಗೆಯಿಂದ ಮಡಿಚಿಟ್ಟ ಸೀರೆ ತೆಗೆಯುತ್ತೇವೆ. ಡಾಕ್ಟರು "ಹೆಂಗದೀರಿ" ಎಂದರೆ, ಮೈ ಕೆಂಡದಂತೆ ಸುಡುತ್ತಿದ್ದರೂ ಮೊದಲ ಉತ್ತರ "ಆರಾಮ ಅದೀನ್ರಿ". ನಮ್ಮಪ್ಪ ಒಮ್ಮೆ ಹೊಟ್ಟೆನೋವಿಗೆ ಹೋಗಿ, ಡಾಕ್ಟರರ ಮನೆಯವರೆಲ್ಲರ ಆರೋಗ್ಯ ವಿಚಾರಿಸಿ, ತನ್ನ ನೋವು ಹೇಳುವುದನ್ನೇ ಮರೆತು ಬಂದಿದ್ದ. ಮೇಡಂ ಕೂಡ ಬೈಯಲಿಲ್ಲ. "ಎಲ್ಲಾರೂ ಛಲೋದs ತರ್ತಾರ್ರಿ. ನಾನs ಮೊದಲು ಕೇಳಬೇಕಿತ್ತು," ಎಂದರು.

ಮರುದಿನ ಬುಧವಾರ, ಮೊದಲ ಬಸ್ಸಿಗೆ ನಾನು ಅತ್ತೆಯ ಊರಿಗೆ ಹೋದೆ. ಹೊಲದ ನಡುವೆ ಕೆಸರು ಇನ್ನೂ ಕಲಸಿದ ಹಿಟ್ಟಿನಂತಿತ್ತು. ಸಾಲಿನಲ್ಲಿ ಅಲ್ಲಲ್ಲಿ ಕುಳಿ, ಊರವರು ಕಿತ್ತು ನೋಡಿದ ಜಾಗಗಳು. ಎಣಿಸಿದೆ: ಹತ್ತೊಂಬತ್ತು. ನಾವು ಬೇರಿಗೆ ಪೆಟ್ಟಾಗದಂತೆ ಮಣ್ಣಿನ ಹೆಂಟೆ ಸಮೇತ ಮೂರು ಬಾಡಿದ ಗಿಡ ಅಗೆದೆವು. ಮಲ್ಲಣ್ಣ ಒಡ್ಡಿನ ಮೇಲೆ ನಿಂತು ನೋಡುತ್ತಿದ್ದ.

"ಏನವ್ವ, ನಿಮ್ಮ ಮಷೀನು ಸತ್ತೋರ್ನ ಎಬ್ಬಸ್ತದೇನು?"

"ಎಬ್ಬಸಂಗಿಲ್ಲ ಮಾಮಾ, ಯಾರು ಸತ್ತಾರ ಅಂತ ಹೇಳ್ತದ."

"ಅದನ್ನ ಹೇಳಾಕ ಮಷೀನು ಯಾಕ? ನಾ ಇಲ್ಲಿಂದs ಹೇಳ್ತೀನಿ."

ಅತ್ತೆ ತಲೆ ಎತ್ತದೆ ಹೇಳಿದಳು: "ನಿನ್ನ ಒಡ್ಡು ಒಡದದ್ದು ಅಲ್ಲಿಂದ ಕಾಣಲಿಲ್ಲ ನಿನಗ. ಬೇರು ಕಾಣತದೇನು?"

ಮಲ್ಲಣ್ಣ ನಕ್ಕು ಹೋದ.

ನಾನೂ ಅತ್ತೆಯೂ ಗಿಡ ಹಿಡಿದು ಕ್ಯಾಂಪಿಗೆ ಬಂದೆವು, ಮಧ್ಯಾಹ್ನ ಎರಡಕ್ಕೆ ದೀಪ ಹೊತ್ತಿಸಿದೆವು. ಈ ಸಲ ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲು ಮೇಡಂ, ನಂತರ ನಾನು, ಆಮೇಲೆ ಅತ್ತೆ. ತುದಿಯಲ್ಲಿ ಹಸಿರೇ ಇಲ್ಲ. ಕೋಣೆ ಕೋಣೆಯ ನಡುವೆ ಕೆಂಪು ಚುಕ್ಕೆ, ಇರುಳಿನಲ್ಲಿ ಕೆಂಡ ಚೆಲ್ಲಿದ ಹಾಗೆ. ಗಾಜನ್ನು ತುಸು ಸರಿಸಿದರೆ, ತುದಿಯಿಂದ ಮೇಲೆ, ಹಸಿರು ಶುರುವಾಗುತ್ತಿತ್ತು. ಸಾವಿಗೂ ಜೀವಕ್ಕೂ ನಡುವೆ ಒಂದು ಗಡಿ ಇತ್ತು, ಅದು ನಮ್ಮ ಕಣ್ಣೆದುರು ಇತ್ತು.

ಆ ಗಡಿಯ ಮೇಲಿನ ಒಂದು ಕೋಶವನ್ನು ಮೇಡಂ ನಡುವಿಗೆ ತಂದರು. ಹಸಿರಾಗಿತ್ತು. ನಾನೂ ಅತ್ತೆಯೂ ಸರದಿಯ ಮೇಲೆ ಬಗ್ಗಿ ನೋಡುತ್ತಿದ್ದೆವು. ನೋಡುತ್ತಿದ್ದಂತೆ ಅದರ ಹಸಿರು ಮಾಸತೊಡಗಿತು. ಒಡೆದ ಬಿಂದಿಗೆಯಿಂದ ನೀರು ಹೋಗುವಂತೆ ಸದ್ದಿಲ್ಲದೆ ಸೋರಿತು. ಸ್ವಲ್ಪ ಹೊತ್ತು ಆ ಕೋಶ ಕತ್ತಲು. ಆಮೇಲೆ ನಡುವೆ ಸಾಸಿವೆಯಷ್ಟು ಕೆಂಪು ಮೂಡಿ ನಿಧಾನಕ್ಕೆ ಹೊಳಪೇರಿತು. ಸಾವೆಂದರೆ ದೀಪ ಆರುವುದು ಎಂದುಕೊಂಡಿದ್ದ ನನಗೆ, ಸಾವಿನಲ್ಲಿ ದೀಪವೊಂದು ಹೊತ್ತಿಕೊಂಡದ್ದು ಕಂಡಿತು. ಪೆನ್ನು ಕೈಯಲ್ಲಿತ್ತು. ವೇಳೆ ಬರೆಯಲಿಲ್ಲ.

ಆ ಹೊತ್ತಿಗೆ ಕಣ್ಣಿಟ್ಟಿದ್ದವಳು ಅತ್ತೆ. ಮೆಲ್ಲಗೆ ಹೇಳಿದಳು: "ಜೀವ ಹೋದ ಜಾಗದಾಗ ನಾವೂ ದೀಪ ಹಚ್ಚಿ ಇಡ್ತೀವಿ. ಇದು ತಾನs ಹಚ್ಕೊಂತು ನೋಡು."

ಮೇಡಂ ದೀಪದ ಬೆಳಕು ತುಸು ತಗ್ಗಿಸುತ್ತ ಹೇಳಿದರು: "ಭಾಳ ಹೊತ್ತು ನೋಡಬಾರದ್ರಿ. ನಾವು ಬಿಡೂ ಬೆಳಕೂ ಅವಕ್ಕ ಪೆಟ್ಟs."

ಅತ್ತೆ ಥಟ್ಟನೆ ತಿರುಗಿದಳು. "ನಾವು ನೋಡಾಕತ್ತೀವಂತ ಸತ್ತಿತೇನ್ರಿ ಅದು?"

"ಅದಕ್ಕ ಮೊದಲs ಬ್ಯಾನಿ ಇತ್ತಮ್ಮ. ಆದ್ರ ನಾವೂ ಸ್ವಲ್ಪ ದೂಡಿರಬಹುದು. ಸುಳ್ಳು ಹೇಳಂಗಿಲ್ಲ."

"ಹಂಗಾರ ಮುಚ್ಚ್ರಿ ಅದನ್ನ."

"ಅತ್ತಿ, ಇನ್ನ ಎಣಿಸೂದು ಮುಗದಿಲ್ಲ," ಎಂದೆ ನಾನು.

"ಎಣಿಸಿದ್ರ ಹೆಚ್ಚಾಗ್ತಾವೇನು?"

ಮೇಡಂ ನನ್ನ ಕಡೆ ನೋಡಲಿಲ್ಲ. ಕೈ ಚಾಚಿ ಬೆಳಕಿನ ತೆರೆ ಮುಚ್ಚಿದರು.

"ತುದಿ ಹೋಗ್ಯಾದ, ಮ್ಯಾಲ ಜೀವ ಅದ. ಹೌದಿಲ್ಲೋ?" ಎಂದು ಅತ್ತೆ ಕೇಳಿದಳು.

"ಇವತ್ತಿನ ಮಟ್ಟಿಗೆ ಹೌದು. ನಾಳಿಂದು ನಾ ಹೇಳಲಾರೆ," ಎಂದರು ಮೇಡಂ.

"ನಾಳಿಂದು ನಾ ನೋಡ್ಕೊಂತೀನಿ. ನೆಲ್ಲಿನ ಸಸಿ ಬ್ಯಾಡ ಅಂತ ಮಲ್ಲಣ್ಣಗ ಹೇಳ್ತೀನಿ. ಮತ್ತ ಇವತ್ತಿಂದ ನನ್ನ ಹೊಲದಾಗ ಯಾರೂ ಗಿಡ ಕಿತ್ತು ನೋಡಂಗಿಲ್ಲ. ನೀನೂ ಅಷ್ಟs," ಎಂದಳು ಅತ್ತೆ, ನನ್ನ ಕಡೆ ತಿರುಗಿ.

ಹಾಗೇ ಮಾಡಿದಳು. ಶುಕ್ರವಾರ ಸಂಜೆ ಮಲ್ಲಣ್ಣನ ಸಸಿ ಬೇರೆಯವರ ಗದ್ದೆಗೆ ಹೋದವು. ಶನಿವಾರ ಅತ್ತೆ ಹೊಲದ ಸುತ್ತ ಬಸಿಗಾಲುವೆ ತೋಡಲು ಶುರುಮಾಡಿದಳು. "ಹಟಮಾರಿ ಹೆಣಮಗಳು" ಎಂದು ಗೊಣಗುತ್ತ ಮಲ್ಲಣ್ಣನೂ ಸಲಿಕೆ ಹಿಡಿದು ಬಂದ. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಕಾಯುವುದು, ಅದೂ ಮಣ್ಣು ಕೆದರದೆ. ಗಿಡ ಜೋತುಬಿದ್ದೇ ಇತ್ತು. ಆಕೆ ಒಡ್ಡಿನ ಮೇಲೆ ಕೂತು ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ಮೂರನೆಯ ವಾರ ಮಣ್ಣು ತಾನಾಗಿ ಬಿರಿದಾಗ ಬುಡದ ಹತ್ತಿರ ಬಿಳಿ ಎಳೆಗಳು ಕಂಡವು. ಸತ್ತ ತುದಿಗಳು ತಿರುಗಿ ಬರಲಿಲ್ಲ. ಗಿಡ ಅವುಗಳನ್ನು ಕೆಳಗೇ ಬಿಟ್ಟು, ಮೇಲಿಂದ ಹೊಸ ಬೇರು ಇಳಿಸಿತ್ತು. ಎಲ್ಲ ಗಿಡಗಳೂ ಅಲ್ಲ. ನಡುವಿನವು ಅರ್ಧದಷ್ಟು ಒಣಗಿದವು. ಅಲ್ಲಿ ಹೊಲ ಬೋಳಾಗಿಯೇ ಉಳಿಯಿತು. ಉಳಿದವು ತಡವಾಗಿ, ಸಣ್ಣಗೆ, ಆದರೆ ಕೆಂಪಗೆ ಕಾಯಿ ಬಿಟ್ಟವು. ನಮ್ಮ ಮಷೀನು ಸತ್ತಿದೆ ಎಂದದ್ದು ನಿಜಕ್ಕೂ ಸತ್ತಿತ್ತು. ಗಿಡ ಬದುಕಿದ್ದೂ ನಿಜ. ಎರಡೂ ಒಟ್ಟಿಗೆ ನಿಜವಾಗಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಈಗ ಗಂಟೆ ಹತ್ತಾಯಿತು. ಬುಧವಾರದ ಆ ಅರ್ಧ ಎಣಿಕೆಯನ್ನು ಮುಂದೆ ತೆರೆದಿಟ್ಟುಕೊಂಡಿದ್ದೇನೆ. ಹಸಿರಿಗೆ ಒಂದು ಸಾಲು, ಕೆಂಪಿಗೆ ಒಂದು. ಆದರೆ ಗಡಿಯ ಮೇಲೆ ಎರಡೂ ಅಲ್ಲದ ಕೋಶಗಳು ಏಳು ಇದ್ದವು. ಹಸಿರಿಲ್ಲ, ಕೆಂಪು ಚುಕ್ಕೆಯೂ ಇಲ್ಲ. ಒಳಗೆ ಬರಿ ಕತ್ತಲು, ಪೊರೆ ಮಾತ್ರ ಗಟ್ಟಿ. ಸಾಯುವ ದಾರಿಯಲ್ಲಿದ್ದವೋ, ಕೆಲಸ ನಿಲ್ಲಿಸಿ ನೀರು ಇಳಿಯಲೆಂದು ಕಾಯುತ್ತಿದ್ದವೋ, ತಿಳಿಯುವ ಮೊದಲೇ ಬೆಳಕು ಮುಚ್ಚಿದೆವು. ಹಿಂದಿನ ನಾನಾಗಿದ್ದರೆ ಅವನ್ನು ಯಾವುದಾದರೂ ಒಂದು ಸಾಲಿಗೆ ಸೇರಿಸಿ ಮೊತ್ತ ಹಾಕಿರುತ್ತಿದ್ದೆ. ಐದು ವರ್ಷದಿಂದ ಸೇರಿಸಿಲ್ಲ, ಇವತ್ತೂ ಸೇರಿಸುವುದಿಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಮಷೀನಿನ ಮುಂದೆ ಕೂತವರಿದ್ದು, ನೀರುಂಡ ಬೇರಿನಲ್ಲಿ ಇಂಥ ಕತ್ತಲ ಕೋಶಗಳನ್ನು ಕಂಡಿದ್ದರೆ, ಬೆಳಕು ತಗ್ಗಿಸಿ ಅವುಗಳಿಗಾಗಿ ನನಗಿಂತ ಹೆಚ್ಚು ಹೊತ್ತು ಕಾದಿದ್ದರೆ, ಕೊನೆಗೆ ಯಾವ ಬಣ್ಣ ಬಂತೆಂದು ದಯಮಾಡಿ ಬರೆದು ತಿಳಿಸಿ. ಕೆಂಪು ಬಂದಿದ್ದರೂ ಬರೆಯಿರಿ.