ಪಕ್ಕದ ಸೀಟಿನಾಕೆ

ಡ್ರೈವಿಂಗ್ ಮೇಷ್ಟ್ರು ಊರಿಗೆಲ್ಲ ಗಾಡಿ ಕಲಿಸಿದವರು. ವಕೀಲ, ಬೇಕರಿಯವನು, ಕೈ ನಡುಗುವ ಅಂಚೆಯಣ್ಣ, ಯಾರೇ ಬರಲಿ, ತಿದ್ದಿ ತೀಡಿ ರಸ್ತೆಗೆ ಬಿಡುತ್ತಿದ್ದರು. ಹೆಂಡತಿಗೆ ಮಾತ್ರ ಕಲಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಆಕೆ ಆಸೆಪಟ್ಟು ಕೇಳಿದಾಗ ಶಿಷ್ಯರ ಎದುರಿಗೇ, "ನಿನ್ನ ತಲೇಲಿ ಎಡ ಬಲನೇ ನಿಲ್ಲಲ್ಲ, ಸುಮ್ನೆ ಪಕ್ಕದಲ್ಲಿ ಕೂತ್ಕೋ" ಎಂದು ನಕ್ಕಿದ್ದರು. ಶಿಷ್ಯರೂ ನಕ್ಕರು. ಆಕೆ ಪಕ್ಕದಲ್ಲೇ ಕೂತಳು, ಆದರೆ ಆ ನಗುವನ್ನು ಜನ್ಮದಲ್ಲಿ ಮರೆಯಲಿಲ್ಲ.

ಈಗೀಗ ಮೇಷ್ಟ್ರಿಗೆ ದಾರಿ ತಪ್ಪುತ್ತಿತ್ತು. ಮಗಳ ಮನೆಗೆಂದು ಹೊರಟವರು ಮಾರುಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ ಕಣ್ಣು ಕಣ್ಣು ಬಿಡುತ್ತಿದ್ದರು. "ಎಡಕ್ಕೆ ತಿರುಗಿಸಿ", "ಕೆಂಪು ದೀಪ ಇದೆ, ನಿಲ್ಸಿ" ಎಂದು ಪಕ್ಕದಿಂದ ಹೇಳಿ ಮನೆ ಮುಟ್ಟಿಸುತ್ತಿದ್ದವಳು ಆಕೆಯೇ. ಅದಕ್ಕೆ ಸಿಗುತ್ತಿದ್ದ ಬಹುಮಾನ, "ನಂಗೇ ಹೇಳ್ಕೊಡೋಕೆ ಬಂದ್ಲು!"

ಲೈಸೆನ್ಸ್ ಹೊಸದು ಮಾಡಿಸಲು ಹೋದಾಗ, ವಯಸ್ಸಾದವರಿಗೆ ನೆನಪಿನ ಪರೀಕ್ಷೆ ಆಗಬೇಕು, ನರ್ಸ್ ಫೋನಿನಲ್ಲೇ ಮಾಡುತ್ತಾರೆ ಎಂದರು ಕಚೇರಿಯವರು. ಮೇಷ್ಟ್ರಿಗೆ ಖುಷಿಯೋ ಖುಷಿ. ಫೋನಿಗೇನು ಕಣ್ಣಿದೆಯೇ? ಹೆಂಡತಿಯನ್ನು ಎದುರು ಕೂರಿಸಿ ಪೆನ್ನು, ಹಾಳೆ ಕೊಟ್ಟರು. "ಅವ್ರು ಹೇಳಿದ್ದೆಲ್ಲ ಬರ್ಕೋ. ನಾನು ಮೇಜು ತಟ್ಟಿದ್ರೆ ತೋರ್ಸು." ಫೋನ್ ಬಂತು, ಸ್ಪೀಕರ್ ಹಾಕಿದರು.

"ನಿಮ್ಮ ಹತ್ರ ಈಗ ಯಾರಾದ್ರೂ ಇದ್ದಾರಾ?" ನರ್ಸ್ ಕೇಳಿದಳು.

"ಯಾರೂ ಇಲ್ಲಮ್ಮ."

ಯಾರೂ ಇಲ್ಲವಂತೆ! ಎದುರಿಗೇ ಕೂತವಳಿಗೆ ಮೈಯೆಲ್ಲ ಉರಿದುಹೋಯಿತು. ಪೆನ್ನಿಗೆ ಮುಚ್ಚಳ ಹಾಕಿ ಕೈ ಕಟ್ಟಿ ಕೂತಳು.

ನರ್ಸ್ ಚಮಚ, ಕಿಟಕಿ, ಸೇತುವೆ, ಕುದುರೆ ಎಂದು ಒಂದಷ್ಟು ಪದ ಓದಿ, ತಿರುಗಿ ಹೇಳಿ ಎಂದಳು. "ಚಮಚ..." ಮೇಷ್ಟ್ರು ಮೇಜು ತಟ್ಟಿದರು. ನೂರರಲ್ಲಿ ಏಳೇಳು ಕಳೆಯುತ್ತ ಹೋಗಿ ಎಂದಳು. "ತೊಂಬತ್ತಮೂರು..." ಮತ್ತೆ ತಟ್ಟಿದರು, ಕಣ್ಣು ಕೆಕ್ಕರಿಸಿದರು, ಕೊನೆಗೆ ಕೈ ಮುಗಿಯುವುದೊಂದು ಬಾಕಿ. ಹಣೆಯಲ್ಲಿ ಬೆವರು. ಆಕೆಗೆ ಹಾಲು ಕುಡಿದಷ್ಟು ಸಂತೋಷ. ತಟ್ಟಲಿ, ಮೇಜು ಮುರಿಯುವಷ್ಟು ತಟ್ಟಲಿ!

"ಮನೆಯವರು ಬಂದಿದ್ರೆ ಫೋನ್ ಕೊಡ್ತೀರಾ?" ಎಂದಳು ನರ್ಸ್ ಕೊನೆಗೆ. ಮೇಷ್ಟ್ರು ವಿಧಿಯಿಲ್ಲದೆ ಫೋನನ್ನು ಹೆಂಡತಿಯತ್ತ ತಳ್ಳಿದರು.

"ಗಾಡಿ ಅವರೊಬ್ರೇ ಓಡಿಸ್ತಾರಾ?"

"ಸ್ಟೇರಿಂಗ್ ಅವರ ಕೈಲಿರತ್ತೆ, ಓಡ್ಸೋದು ನಾನು. ನಾನು ಬಾಯಿ ಮುಚ್ಕೊಂಡ್ರೆ ಎದುರಿನ ಗೋಡೆಗೇ ಹೋಗ್ತಾರೆ." ಗಂಡನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು.

"ಹಾಗಾದ್ರೆ ಡಾಕ್ಟರು ನೋಡೋವರೆಗೂ ಅವರು ಗಾಡಿ ಮುಟ್ಟೋದು ಬೇಡ."

ಫೋನ್ ಇಟ್ಟು ಆಕೆ ಗಂಡನ ಮುಖ ನೋಡಿದಳು. ಬೈಯಲಿ, ಯಾಕೆ ಹೀಗೆ ಮಾಡಿದೆ ಎಂದು ಕೇಳಲಿ. ಇಷ್ಟು ವರ್ಷದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಮೇಷ್ಟ್ರು ಬೈಯಲಿಲ್ಲ. ಜೇಬಿನಿಂದ ಕೀಲಿ ತೆಗೆದು ಆಕೆಯತ್ತ ಸರಿಸಿದರು.

"ಹೋಗ್ಲಿ ಬಿಡು, ಇನ್ಮೇಲೆ ನೀನೇ ಓಡ್ಸು. ನಿಂಗೂ ನಾನೇ ಕಲಿಸಿದ್ದಲ್ವಾ?"

"ಕಲಿಸ್ಲಿಲ್ಲ!" ಆಕೆ ಮೇಜು ತಟ್ಟಿದಳು. "ಕೇಳಿದ್ದಕ್ಕೆ ಎಲ್ಲರ ಮುಂದೆ ನಕ್ರಿ."

ಮೇಷ್ಟ್ರು ಆಕೆಯನ್ನು ಕನಿಕರದಿಂದ ನೋಡಿದರು. ಮೆಲ್ಲಗೆ ಅವಳ ಕೈ ಮೇಲೆ ಕೈಯಿಟ್ಟರು.

"ಕಲಿಸಿದ್ದೆ ಕಣೆ. ವಯಸ್ಸಾಯ್ತು ನೋಡು, ನೀನು ಮರ್ತಿದ್ದೀಯ."