ನಗುವ ಮೀನು ಬರೆದವಳು

ಮೊನ್ನೆ ಗುಲಾಬಿ ಆಯಿಲ್ ಪೇಂಟಿನ ಹಳೆಯ ಡಬ್ಬಿಯೊಂದರ ಮುಚ್ಚಳ ತೆಗೆದೆ. ಮೇಲೆ ಕೆನೆ ಕಟ್ಟಿತ್ತು. ಅದನ್ನು ಕಡ್ಡಿಯಿಂದ ಸರಿಸಿ ಒಂಚೂರು ಸೀಮೆಎಣ್ಣೆ ಹೊಯ್ದ ಕೂಡಲೇ ಆ ವಾಸನೆ ಬಂತು. ಅಕ್ಕನ ಕೈಯ ವಾಸನೆ ಅದು. ಜೊತೆಗೆ ಒಂದಿಷ್ಟು ತಾರ್ಲೆ ಮೀನಿನ ವಾಸನೆಯೂ ಸೇರಿದ್ದರೆ ಅಕ್ಕ ಪಕ್ಕದಲ್ಲೇ ಬಂದು ಕೂತ ಹಾಗೆ...

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹೊನ್ನಾವರದ ಪಕ್ಕದ ಕಾಸರಕೋಡದಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ಅಷ್ಟೂ ಕಲಿತವಳಲ್ಲ. ಬೆಳಿಗ್ಗೆ ಮೀನು ಹೊತ್ತು ಹೊನ್ನಾವರ ಪೇಟೆಗೆ ಹೋಗುವಳು, ಮಧ್ಯಾಹ್ನ ಬಂದು ನನಗೆ ಅನ್ನ ಬಡಿಸುವಳು. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ನಾನು ಮನೆಗೆ ತಂದರೆ ಅದು ಅವಳ ಪಾಲು.

ಮೀನು ಹರಾಜಿನ ಜಾಗದಲ್ಲಿ ಎಲ್ಲ ಹೆಂಗಸರ ಅಲ್ಯುಮಿನಿಯಂ ಬೋಗುಣಿಗಳೂ ಒಂದೇ ತರ. ಅದಲು ಬದಲಾಗಿ ದಿನಾ ಜಗಳ. ಹಾಗಾಗಿ ಅಕ್ಕ ತನ್ನ ಬೋಗುಣಿಗೆ ಒಂದು ಮೀನು ಬರೆದಳು. ಗುಲಾಬಿ ಮೈ, ಗಿಳಿಹಸಿರು ರೆಕ್ಕೆ, ಸುತ್ತ ದಪ್ಪ ಕಪ್ಪು ಗೆರೆ. ಕಸಬರಿಗೆಯ ಹಿಡಿಕಡ್ಡಿಯ ತುದಿಯಲ್ಲಿ ಹೊಟ್ಟೆಯ ಮೇಲೆಲ್ಲ ಬಿಳಿ ಚುಕ್ಕಿ. ಕಣ್ಣಿಗೆ ರೆಪ್ಪೆ, ಮೂಗಿಗೆ ಮೂಗುತಿ, ಬಾಯಿ ತುಂಬ ನಗು.

"ಮೀನು ನಗ್ತದೇನೆ?" ಎಂದು ನಾನು ಛೇಡಿಸಿದ್ದೆ.

"ಸತ್ತ ಮೀನಿನ ಮುಖ ನೋಡಿ ನೋಡಿ ಸಾಕಾತು ನಂಗೆ. ಇದಾದ್ರೂ ನಗ್ಲಿ."

ಪೇಟೆಯ ಹೆಂಗಸರೆಲ್ಲ ತಮ್ಮ ಬೋಗುಣಿ ತಂದು ಸಾಲು ಹಿಡಿದರು. ಒಬ್ಬಳ ಮೀನಿಗೆ ಜಡೆ, ಇನ್ನೊಬ್ಬಳದಕ್ಕೆ ಕನ್ನಡಕ. ಯಾರ ಮೀನೂ ಇನ್ನೊಬ್ಬರದರಂತೆ ಇರಲಿಲ್ಲ. ಆದರೆ ನೋಡಿದರೆ ಎಲ್ಲವೂ ಅಕ್ಕನವೇ.

ಒಂದು ಮಳೆಗಾಲದ ಕೊನೆಯಲ್ಲಿ ಹೊಸ ದೋಣಿಯ ಯಜಮಾನರೊಬ್ಬರು ತಮ್ಮ ದೋಣಿಗೂ ಆ ಮೀನು ಬೇಕೆಂದರು. ನಮ್ಮ ಕೇರಿಯಲ್ಲಿ ಹೊಸ ದೋಣಿ ನೀರಿಗಿಳಿಯುವ ತನಕ ಹೆಂಗಸರು ಅದನ್ನು ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ಅಕ್ಕ ದೂರ ನಿಂತು ಮರಳಿನ ಮೇಲೆ ಕೋಲಿನಿಂದ ಬರೆದಳು, ನಾನು ನೋಡಿ ಹಲಗೆಯ ಮೇಲೆ ತೆಗೆದೆ.

"ಕಣ್ಣು ದೊಡ್ಡ ಮಾಡೋ. ಊಟ ಆಗಿ ಮಲಗೂಕೆ ಹೊರಟಂಗೆ ಕಾಣ್ತದೆ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಬಣ್ಣ ಒಣಗುವ ಮೊದಲೇ ಮುಂಬಯಿಯಿಂದ ಬಂದಿದ್ದ ಒಬ್ಬರು ಕ್ಯಾಮೆರಾ ಹಿಡಿದು ಅಲ್ಲಿಗೆ ಬಂದರು. ಈ ತರದ ಮೀನನ್ನು ತಾವು ಎಲ್ಲೂ ಕಂಡಿಲ್ಲವೆಂದರು. ಇದನ್ನು ಹುಟ್ಟಿಸಿದವರು ಯಾರು ಎಂದು ಕೇಳಿದರು. ಕುಂಚ ನನ್ನ ಕೈಯಲ್ಲಿತ್ತು. "ನಾನೇ," ಎಂದೆ. ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕಾಲಿನಿಂದ ಮರಳಿನ ಮೀನನ್ನು ಅಳಿಸಿ, "ಹೌದು, ನಮ್ಮ ತಮ್ಮಂದೇ ಅದೆಲ್ಲ," ಎಂದಳು.

ಅವರು ನನ್ನನ್ನು ಮುಂಬಯಿಗೆ ಕರೆದರು. ಮೊದಲು ಒಂದು ಪ್ರದರ್ಶನ, ಮತ್ತೆ ಹೊರದೇಶ. ಪ್ಯಾರಿಸ್ಸಿನಲ್ಲಿ ಕೊಡೆಯ ಮೇಲೆ, ಜಪಾನಿನಲ್ಲಿ ಚಹಾ ಕಪ್ಪಿನ ಮೇಲೆ ಆ ಮೀನು ನಕ್ಕಿತು. ಹೆಸರು ಓದದೆಯೇ ಜನ ಇದು ಯಾರದೆಂದು ಹೇಳುವಂತಾಯಿತು. ಆ ಗುಲಾಬಿಗೂ ಹಸಿರಿಗೂ ಪುಸ್ತಕಗಳಲ್ಲಿ ದೊಡ್ಡ ದೊಡ್ಡ ಅರ್ಥ ಬರೆದರು. ನಮ್ಮ ಮನೆಯಲ್ಲಿ ಉಳಿಯುತ್ತಿದ್ದ ಬಣ್ಣ ಅವೇ ಆಗಿದ್ದವು, ಅಷ್ಟೇ. ಈ ಶೈಲಿ ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ನಾನು "ಸಮುದ್ರದಿಂದ" ಎನ್ನುತ್ತಿದ್ದೆ. ಜನರಿಗೆ ಅದು ಬಹಳ ಹಿಡಿಸುತ್ತಿತ್ತು.

ಅಷ್ಟರಲ್ಲಿ ಅಕ್ಕ ಮದುವೆಯಾಗಿ ಕುಮಟೆಗೆ ಹೋಗಿದ್ದಳು. ಅಲ್ಲಿಯೂ ಮೀನು ಮಾರುತ್ತಿದ್ದಳು. ಮಂಗಳೂರಿನ ಒಂದು ಪ್ರದರ್ಶನಕ್ಕೆ ನಾನೇ ಕರೆಸಿಕೊಂಡೆ. ಹೊಸ ಸೀರೆಯುಟ್ಟು ಒಂದೊಂದೇ ಚಿತ್ರದ ಮುಂದೆ ನಿಂತಳು. "ಬಾಲ ಸಣ್ಣ ಆತಲ್ಲೋ. ಇದು ಈಜೂದು ಹೆಂಗೆ?" ಎಂದು ಕಿವಿಯಲ್ಲಿ ಕೇಳಿದಳು. ಯಾರೋ ಇವರು ಯಾರೆಂದು ವಿಚಾರಿಸಿದರು. "ನಮ್ಮಕ್ಕ, ಮೀನು ಮಾರ್ತಾಳೆ," ಎಂದೆ. ಅಷ್ಟೇ ಹೇಳಿದೆ.

ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ಮುಖ ನೋಡದೆ, "ನಾನೂ ಬರೀತಿದ್ದೆ ಅಂತ ಒಂದು ಮಾತು ಹೇಳ್ಬಹುದಿತ್ತು ನೀನು," ಎಂದಳು.

"ಮುಂದಿನ ಸಲ ಹೇಳ್ತೆ ಅಕ್ಕ."

"ಆತು," ಎಂದು ಬಸ್ಸು ಹತ್ತಿದಳು.

ಮುಂದಿನ ಸಲ ಎಷ್ಟೋ ಬಂದವು. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಒಂದು ವರ್ಷ ಜ್ವರ ಬಂದು ಅಕ್ಕ ಹೋದಳು. ನಾನು ಆಗ ಪರದೇಶದಲ್ಲಿದ್ದೆ...

ಹೋದ ತಿಂಗಳು ಹೊನ್ನಾವರದಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಮೈಕಿನ ಮುಂದೆ ನಿಂತು ಹೇಳಿಬಿಟ್ಟೆ: ಈ ಮೀನು ನನ್ನದಲ್ಲ, ನಮ್ಮಕ್ಕನದು, ನಾನು ನೋಡಿ ತೆಗೆದವ ಅಷ್ಟೇ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟು, ಇಷ್ಟು ಎತ್ತರಕ್ಕೆ ಬೆಳೆದರೂ ಎಂಥ ವಿನಯ ನೋಡಿ ಎಂದರು. ಮತ್ತೆ ಚಪ್ಪಾಳೆ ಬಿತ್ತು.

ಜನ ಕರಗಿದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದಳು. ಪೇಟೆಯಲ್ಲಿ ಅಕ್ಕನ ಪಕ್ಕದಲ್ಲೇ ಕೂತು ಮೀನು ಮಾರಿದವಳು.

"ನೀ ಹೇಳ್ದೆ ಅಲ್ದಾ ತಮಾ, ಅಂತೂ?"

"ಹೇಳ್ದೆ. ಯಾರೂ ನಂಬ್ಲಿಲ್ಲ."

"ನಿನ್ನಕ್ಕ ಇದ್ದಾಗ ಹೇಳಿದ್ರೆ," ಎಂದಳು ಅವಳು, "ಅದ್ರ ಕೈಗೇ ಕಡ್ಡಿ ಕೊಟ್ಟು ತೋರಿಸ್ಬಹುದಿತ್ತು."