ಅಕ್ಕೋರ ಉಡಿ ತುಂಬಿದ ದಿನ

ಇವತ್ತು ಗುರುಪೂರ್ಣಿಮೆ. ಬೆಳಗಿನಿಂದ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಬರೀ ದೀಪ, ಕಮಲ, ಮುಗಿದ ಕೈ. ಅದರ ನಡುವೆ ಯಾರೋ ಮೇ ತಿಂಗಳ ವಿಡಿಯೊ ಮತ್ತೆ ಹಾಕಿದ್ದಾರೆ. ಶಾಲೆಯಲ್ಲಿ ನಮಗೆ ಕಲಿಸಿದ ಟೀಚರಿಗೆ, ನಮ್ಮ ಅಕ್ಕೋರಿಗೆ, ನಾವು ಮಾಡಿದ ಸತ್ಕಾರದ್ದು. 'ಕಣ್ಣು ತುಂಬಿ ಬಂತು' ಅಂತ ಎಲ್ಲರೂ ಬರೆಯುತ್ತಿದ್ದಾರೆ. ನನಗೆ ಸಿಟ್ಟು ಬಂತು. ಆ ವಿಡಿಯೊದಲ್ಲಿ ಕಾಣದೇ ಇರುವುದನ್ನು ನಾನು ಬರೆಯುತ್ತೇನೆ, ಓದಿ.

ಪುಣೆಯಲ್ಲಿ ಕನ್ನಡ ಶಾಲೆಯಾ ಅಂತ ಹುಬ್ಬು ಏರಿಸುವವರಿಗೆ ಮೊದಲೇ ಹೇಳುತ್ತೇನೆ: ಇದೆ. ನಾನು ಓದಿದ್ದು ಅಲ್ಲೇ. ಅಪ್ಪ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಮೇಲಿದ್ದರು, ಅವ್ವ ಸೈಟಿನಲ್ಲಿ ಬುಟ್ಟಿ ಹೊರುತ್ತಿದ್ದಳು. ಇಂಥ ಮನೆಯ ಮಕ್ಕಳು ತಾವಾಗಿ ಶಾಲೆಗೆ ಬರುವುದಿಲ್ಲ ಅಂತ ಅಕ್ಕೋರಿಗೆ ಗೊತ್ತಿತ್ತು. ಜೂನ್ ಬಂತೆಂದರೆ ನಮ್ಮ ತಗಡಿನ ಪತ್ರಾ ಶೆಡ್ಡುಗಳ ಬಾಗಿಲಿಗೆ ತಾವೇ ಬಂದು ನಿಲ್ಲುತ್ತಿದ್ದರು.

"ಇಕಿ ಸಾಲಿಗೆ ಬಂದ್ರ ಸಣ್ಣಾಂವನ್ನ ಯಾರ ನೋಡಕೋತಾರ್ರಿ ಅಕ್ಕೋರ?" ಅಂದಳು ಅವ್ವ.

"ಅವನ್ನೂ ಎತಗೊಂಡ ಬರಲಿ. ನನ್ನ ಟೇಬಲ್ ಕೆಳಗ ಮಲಗಸ್ತೀನಿ."

ಮಲಗಿಸಿದರು ಕೂಡ. ಇವತ್ತು ನಾನು ಮಗರಪಟ್ಟಾದ ಎಸಿ ಆಫೀಸಿನಲ್ಲಿ ಕೂತಿದ್ದರೆ ಅದು ಆ ಟೇಬಲ್ಲಿನ ಪುಣ್ಯ.

ಸತ್ಕಾರದ ಖರ್ಚೆಲ್ಲ ನಮ್ಮ ತರಗತಿಯವನೇ ಒಬ್ಬನದು. ಈಗ ಅವನು ದೊಡ್ಡ ಲೇಬರ್ ಕಾಂಟ್ರ್ಯಾಕ್ಟರ್. ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಸಂಸಾರಗಳು ಅವನ ಸೈಟುಗಳಲ್ಲಿ ದುಡಿಯುತ್ತವೆ. ಹಾಲ್, ಢೋಲ್‌ತಾಶಾ, ಅಕ್ಕೋರ ಮುಖವಿದ್ದ ಗೋಡೆಯಷ್ಟು ದೊಡ್ಡ ಫ್ಲೆಕ್ಸ್. ನಿವೃತ್ತಿಯಾಗಿ ಎಷ್ಟೋ ವರ್ಷವಾದ ಅಕ್ಕೋರು ಹಿಂದಿನ ದಿನ ನನಗೆ ಫೋನ್ ಮಾಡಿದ್ದರು. "ಶಾಲು ಗೀಲು ನನಗ ಬ್ಯಾಡವಾ. ಆದ್ರ ಬರ್ತೀನಿ. ಎಲ್ಲಾರೂ ಒಂದ ಕಡೆ ಸಿಗ್ತೀರಲ್ಲ, ಒಂದ ಮಾತ ಕೇಳೂದದ."

ನಮ್ಮೆಲ್ಲರ ಹೊಗಳಿಕೆ ಮುಗಿಯುವ ತನಕ ಅವರು ವೇದಿಕೆ ಮೇಲೆ ಸುಮ್ಮನೆ ಕೂತಿದ್ದರು. ಕೊನೆಗೆ ಮೈಕು ಕೈಗೆ ಬಂತು.

"ಹೊಗಳಿದ್ದ ಸಾಕು. ಈ ವರ್ಷ ನಮ್ಮ ಸಾಲ್ಯಾಗ ಒಂದನೇತ್ತೆ ಕ್ಲಾಸ ಸುರು ಮಾಡೂದಿಲ್ಲಂತ. ಹುಡುಗೂರಿಲ್ಲಂತ. ಹುಡುಗೂರ ಎಲ್ಲಿ ಅದಾರ ನನಗ ಗೊತ್ತದ." ಕಾಂಟ್ರ್ಯಾಕ್ಟರ್ ಕಡೆ ತಿರುಗಿದರು. "ಏ ತಮ್ಮಾ, ನಿನ್ನ ಸೈಟಿನ್ಯಾಗ ಅದಾರ. ನಾ ಹೋಗಿ ನೋಡಿ ಬಂದೀನಿ. ಅಷ್ಟ ಸಣ್ಣ ಕೂಸುಗೋಳು ಹೈವೇ ದಾಟಿ ಹ್ಯಾಂಗ ಬರಬೇಕು? ನಿನ್ನ ಮಂದಿನ್ನ ಇಳಿಸಿದ ಮ್ಯಾಲ ನಿನ್ನ ಗಾಡಿ ಖಾಲಿ ನಿಂತಿರ್ತದ. ಅದನ್ನ ಮುಂಜಾನಿ ಒಂದ ಸಲ, ಸಂಜಿಕ ಒಂದ ಸಲ ಕಳಸು. ಕಳಸ್ತೀಯೋ ಇಲ್ಲೋ, ಇಲ್ಲೇ ಹೇಳು."

ಅವನು ನಕ್ಕ. ನಿರೂಪಕನಿಗೆ ಮರಾಠಿಯಲ್ಲಿ "ಆಧೀ ಸತ್ಕಾರ ಕರೂಯಾ" ಅಂದ, ಮೊದಲು ಸತ್ಕಾರ ಆಗಲಿ ಅಂತ. ಹೆಂಡತಿಗೆ ಕಣ್ಸನ್ನೆ ಮಾಡಿದ. ಆಕೆ ತಟ್ಟೆ ಹಿಡಿದು ಎದ್ದಳು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ಅರಿಶಿನ ಕುಂಕುಮ.

ಉಡಿ ತುಂಬಲು ಬಂದವಳಿಗೆ ಬೇಡ ಅನ್ನುವ ಹೆಂಗಸು ನಮ್ಮಲ್ಲಿಲ್ಲ. ಅದು ಅಪಶಕುನ. ಉಡಿ ತುಂಬಿಸಿಕೊಳ್ಳಲು ಎರಡೂ ಕೈಯಿಂದ ಸೆರಗು ಒಡ್ಡಬೇಕು. ಅಕ್ಕೋರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಮೈಕು ನೋಡಿದರು. ನಿರೂಪಕ ಬಂದು ಮೈಕು ತೆಗೆದುಕೊಂಡ. ಸೆರಗಿಗೆ ಅಕ್ಕಿ ಬಿತ್ತು, ಕಾಯಿ ಬಿತ್ತು, ಹೆಗಲ ಮೇಲೆ ಶಾಲು ಬಿತ್ತು, ಢೋಲ್ ಬಡಿಯಿತು. ಎಲ್ಲರೂ ಎದ್ದು ಚಪ್ಪಾಳೆ. ಮೈಕು ಮತ್ತೆ ಬಂದದ್ದು ಊಟಕ್ಕೆ ಕರೆಯಲು.

ವಿಡಿಯೊ ಶುರುವಾಗುವುದು ಆ ತಟ್ಟೆಯಿಂದ. ಅದಕ್ಕೆ ಮುಂಚಿನದನ್ನು ಕತ್ತರಿಸಿದ್ದಾರೆ.

ರಿಕ್ಷಾ ಹತ್ತಿಸಲು ನಾನು ಹೊರಗೆ ಬಂದೆ. ಅಕ್ಕೋರ ಸೆರಗಿನ ಗಂಟು ಹಾಗೇ ಇತ್ತು. "ಭಾಳ ಶಾಣ್ಯಾ ಆಗ್ಯಾನ ನೋಡು" ಅಂದರು. "ಎಂಟರ ಮಗ್ಗಿ ಬರ್ತಿದ್ದಿಲ್ಲ ಅವಂಗ. ಇದನ್ನ ಎಲ್ಲಿ ಕಲ್ತನೋ!" ನಾನು ನಕ್ಕೆ, ಅವರು ನಗಲಿಲ್ಲ.

ಮರುದಿನ ನಾನೇ ಗುಂಪಿನಲ್ಲಿ ಬರೆದೆ: ಅವನು ಕೊಡದಿದ್ದರೆ ಬಿಡಲಿ, ನಾವೆಲ್ಲ ಕೂಡಿ ಆ ಮಕ್ಕಳಿಗೆ ಒಂದು ವ್ಯಾನ್ ಗೊತ್ತು ಮಾಡೋಣ. ಬಂದದ್ದು ಮುಗಿದ ಕೈಗಳು. 'ಅಕ್ಕೋರು ಇನ್ನರ ಆರಾಮ ಮಾಡಲಿ ಬಿಡ್ರಿ' ಅಂತ ಒಬ್ಬ. 'ಇದು ಭಾವನೆಯ ಗ್ರುಪ್ಪು, ಇಲ್ಲಿ ರಾಜಕಾರಣ ಬ್ಯಾಡ' ಅಂತ ಇನ್ನೊಬ್ಬ. 'ನಿಮ್ಮ ಮಗಳು ಯಾವ ಸಾಲಿಗೆ ಹೋಗ್ತಾಳ್ರಿ ಮ್ಯಾಡಮ್?' ಅಂತ ಮತ್ತೊಬ್ಬಳು. ಇಂಗ್ಲಿಷ್ ಶಾಲೆಗೇ ಹೋಗುತ್ತಾಳಮ್ಮ. ಆದರೆ ವ್ಯಾನ್ ಕೇಳಿದ್ದು ನನ್ನ ಮಗಳಿಗಲ್ಲ.

ಜೂನ್ ಬಂತು. ಒಂದನೇತ್ತೆ ತೆರೆಯಲಿಲ್ಲ.

ಹೋದ ಭಾನುವಾರ ಅಕ್ಕೋರು "ನಡಿ, ಅವನ ಸೈಟಿಗೆ ಹೋಗೂಣು, ಹುಡುಗೂರ ಮಾರಿ ನೋಡಿ ಬರ್ತೀನಿ" ಅಂದರು. ಮಳೆ ಸುರಿಯುತ್ತಿತ್ತು. ಕೆಸರು ತುಳಿದು ಶೆಡ್ಡುಗಳ ಹತ್ತಿರ ಹೋದರೆ, ಒಂದು ಶೆಡ್ಡಿನ ಮೇಲೆ ಸೋರದ ಹಾಗೆ ನಮ್ಮ ಸತ್ಕಾರದ ಫ್ಲೆಕ್ಸ್ ಹೊದಿಸಿದ್ದರು. ಅಕ್ಕೋರ ಅರ್ಧ ಮುಖ ಮುಂದಕ್ಕೆ ಜೋತುಬಿದ್ದಿತ್ತು, ಹಣೆಯಿಂದ ನೀರು ಇಳಿಯುತ್ತಿತ್ತು. ಅದರ ಕೆಳಗೆ ಒಂದು ಹುಡುಗಿ ತಮ್ಮನನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಮೇಲೆ ನೋಡಿದಳು, ಅಕ್ಕೋರನ್ನು ನೋಡಿದಳು.

"ಇಕಿ ನೀವಾ ಏನ್ರಿ?"

"ಹೂಂ, ನಾನಾ. ಸೋರ್ತದೇನು?"

"ಇಲ್ರಿ."

"ಇಷ್ಟರ ಆತಲ್ಲ" ಅಂದರು ಅಕ್ಕೋರು, ನನ್ನ ಕಡೆ ನೋಡದೆ. ಆ ಹುಡುಗಿಯ ಮುಂದೆ ಶಾಲೆಯ ಮಾತನ್ನು ಅವರು ಎತ್ತಲಿಲ್ಲ. ಅವರು ಎತ್ತದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಶೆಡ್ಡಿನ ಫೋಟೊವನ್ನು ಇವತ್ತು ಬೆಳಗ್ಗೆ ಗುಂಪಿಗೆ ಹಾಕಿದೆ. ಒಂದಕ್ಷರ ಬರೆಯಲಿಲ್ಲ. ಕೆಲವರು ಅದಕ್ಕೂ ಕೈ ಮುಗಿದಿದ್ದಾರೆ. ಕಾಂಟ್ರ್ಯಾಕ್ಟರ್ ಮಾತ್ರ ಬರೆದ: 'ಇಷ್ಟ ಮಳ್ಯಾಗೂ ಬಣ್ಣ ಹೋಗಿಲ್ಲ ನೋಡ್ರಿ. ಮಾಲ್ ಛಲೋದ ಹಾಕ್ಸಿದ್ದೆ.'